ಹೆಸರು ಪಟ್ಟಿಗೆ ಬರುವುದು ಹೇಗೆ? ಕಂಪ್ಯೂಟರ್ ಆರ್ಕಿಟೆಕ್ಚರ್ ಕ್ಷೇತ್ರದ ಮಹಿಳೆಯರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಂಪ್ಯೂಟರ್ ಆರ್ಕಿಟೆಕ್ಚರ್, ಅಂದರೆ ಪ್ರೊಸೆಸರ್, ಮೆಮೊರಿಗಳ ಒಳವಿನ್ಯಾಸದ ಕ್ಷೇತ್ರದ ಮಹಿಳೆಯರು ಒಬ್ಬರಿಗೊಬ್ಬರು ಆಸರೆಯಾಗುವ ಬಳಗ ಕಟ್ಟುವುದು ಹೇಗೆ, ಅವರ ಕೆಲಸ ಹತ್ತು ಜನರ ಕಣ್ಣಿಗೆ ಬೀಳುವಂತೆ ಮಾಡುವುದು ಹೇಗೆ ಎಂಬ ವಿಷಯಕ್ಕೆ ಈ ಸಲ ಪ್ರಶ್ನೆ ಕರೆದಿದ್ದೆವು. ಒಂದೇ ಅರ್ಥದ ಪತ್ರಗಳನ್ನು ಕೂಡಿಸಿದ್ದೇವೆ. ಬರೆದವರ ಹೆಸರು, ಊರು, ಸಂಸ್ಥೆ ಬಿಟ್ಟಿದ್ದೇವೆ.

ಪ್ರಶ್ನೆ: ಕಂಪ್ಯೂಟರ್ ಸೈನ್ಸ್‌ನಲ್ಲಿ ಮಹಿಳೆಯರ ಸಂಘಟನೆಗಳು ಬೇಕಾದಷ್ಟಿವೆ. ಆರ್ಕಿಟೆಕ್ಚರ್‌ಗೆಂದೇ ಬೇರೆ ಬಳಗ ಯಾಕೆ ಬೇಕು? (ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ)

ಉತ್ತರ: ಈ ಕ್ಷೇತ್ರದ ವೃತ್ತಿಜೀವನ ಮುಖ್ಯವಾಗಿ ನಾಲ್ಕು ಕಾನ್ಫರೆನ್ಸ್‌ಗಳ ಮೂಲಕ ಸಾಗುತ್ತದೆ. 1973ರಲ್ಲಿ ಶುರುವಾದ ಇಸ್ಕಾ, 1968ರಲ್ಲಿ ಮೈಕ್ರೊಪ್ರೋಗ್ರಾಮಿಂಗ್ ವರ್ಕ್‌ಶಾಪ್ ಆಗಿ ಹುಟ್ಟಿದ ಮೈಕ್ರೊ, 1982ರ ಆಸ್ಪ್ಲಾಸ್, 1995ರ ಎಚ್‌ಪಿಸಿಎ. ಪೇಪರ್ ರಿವ್ಯೂ ಮಾಡುವವರು, ಭಾಷಣಕ್ಕೆ ಕರೆಯುವವರು, ಕೆಲಸಕ್ಕೆ ತೆಗೆದುಕೊಳ್ಳುವವರು, ಪ್ರಶಸ್ತಿಗೆ ಹೆಸರು ಸೂಚಿಸುವವರು ಹೆಚ್ಚುಕಡಿಮೆ ಅದೇ ಜನ. ಇಷ್ಟು ಚಿಕ್ಕ ವಲಯದಲ್ಲಿ ಯಾರಿಗೆ ಯಾರ ಪರಿಚಯವಿದೆ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ. ಆನಿತಾ ಬೋರ್ಗ್ ಮತ್ತು ಟೆಲ್ ವಿಟ್ನಿ 1994ರಲ್ಲಿ ಆರಂಭಿಸಿದ ಗ್ರೇಸ್ ಹಾಪರ್ ಸಮಾವೇಶದಂಥ ದೊಡ್ಡ ಕೂಟಗಳಿಂದ ಧೈರ್ಯ ಸಿಗುತ್ತದೆ, ಕೆಲಸದ ದಾರಿಯೂ ತೆರೆಯುತ್ತದೆ. ಆದರೆ ನಿಮ್ಮ ಪೇಪರ್‌ನ ಬೇಸ್‌ಲೈನ್‌ನಲ್ಲಿ (ಹೋಲಿಕೆಗೆ ಇಟ್ಟುಕೊಂಡ ವಿನ್ಯಾಸದಲ್ಲಿ) ಒಳ್ಳೆಯ ಪ್ರಿಫೆಚರ್ (ಬೇಕಾಗುವ ಡೇಟಾವನ್ನು ಮೊದಲೇ ತಂದಿಡುವ ಭಾಗ) ಇಲ್ಲ ಎಂದು ರಿವ್ಯೂವರ್ ಯಾಕೆ ತಕರಾರು ತೆಗೆದರು, ಅದಕ್ಕೆ ರಿಬಟಲ್‌ನಲ್ಲಿ (ರಿವ್ಯೂವರ್‌ಗೆ ಕೊಡುವ ಉತ್ತರದಲ್ಲಿ) ಏನು ಬರೆಯಬೇಕು ಎಂದು ಹೇಳಿಕೊಡುವವರು ಅಲ್ಲಿ ಸಿಗುವುದು ಅಪರೂಪ.

ಇನ್ನೊಂದು ಕಾರಣ ಇನ್ನೂ ಗಟ್ಟಿಯಾದದ್ದು. ಈ ಕ್ಷೇತ್ರದ ಅತಿ ದೊಡ್ಡ ಗೌರವ ಎಕರ್ಟ್-ಮಾಕ್ಲಿ ಪ್ರಶಸ್ತಿ. ಕಂಪ್ಯೂಟಿಂಗ್ ವೃತ್ತಿಪರರ ಸಂಘಗಳಾದ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಕೂಡಿ ಕೊಡುವ ಇದು ಶುರುವಾದದ್ದು 1979ರಲ್ಲಿ. ಮೊದಲ ಸಲ ಮಹಿಳೆಯೊಬ್ಬರಿಗೆ, ಸೂಸನ್ ಎಗರ್ಸ್ ಅವರಿಗೆ, ಸಿಕ್ಕಿದ್ದು 2018ರಲ್ಲಿ. ನಡುವೆ 39 ವರ್ಷ. ಕೆಲಸ ಅಷ್ಟೂ ಕಾಲ ನಡೆದೇ ಇತ್ತು. ಪ್ರೊಸೆಸರ್‌ನ ಒಂದೇ ಕೋರ್ ಏಕಕಾಲಕ್ಕೆ ಹಲವು ಥ್ರೆಡ್‌ಗಳ (ಪ್ರೋಗ್ರಾಂನ ಬೇರೆ ಬೇರೆ ಎಳೆಗಳ) ಇನ್‌ಸ್ಟ್ರಕ್ಷನ್‌ಗಳನ್ನು ನಡೆಸುವ ಸೈಮಲ್ಟೇನಿಯಸ್ ಮಲ್ಟಿಥ್ರೆಡಿಂಗ್ ಬಗ್ಗೆ ಡೀನ್ ಟಲ್ಸನ್, ಎಗರ್ಸ್ ಮತ್ತು ಹ್ಯಾಂಕ್ ಲೆವಿ ಇಸ್ಕಾದಲ್ಲಿ ಪೇಪರ್ ಮಂಡಿಸಿದ್ದು 1995ರಲ್ಲಿ. 2002ರ ಹೊತ್ತಿಗೆ ಇಂಟೆಲ್‌ನ ಪ್ರೊಸೆಸರ್‌ಗಳಲ್ಲಿ ಅದು ಹೈಪರ್ ಥ್ರೆಡಿಂಗ್ ಹೆಸರಿನಲ್ಲಿ ಬಂದಾಗಿತ್ತು. 2021ರಲ್ಲಿ ಇದೇ ಪ್ರಶಸ್ತಿ ಮಾರ್ಗರೆಟ್ ಮಾರ್ಟನೋಸಿ ಅವರಿಗೆ ಬಂತು. ಕೆಲಸ ಒಳ್ಳೆಯದಾದ ಮಾತ್ರಕ್ಕೆ ಹೆಸರು ತಾನಾಗಿ ಪಟ್ಟಿಗೆ ಬರುವುದಿಲ್ಲ. ಯಾರಾದರೂ ಕೂತು ಬರೆದು ಕಳಿಸಬೇಕು. ಆ ಬರೆಯುವ ಕೈಗಳನ್ನು ಒಟ್ಟುಗೂಡಿಸುವುದೇ ಬಳಗದ ಕೆಲಸ.

ಈಗಾಗಲೇ ವಿಕಾರ್ಚ್ ಎಂಬ ಬಳಗವಿದೆ. ಈ ಕ್ಷೇತ್ರದ ಮಹಿಳೆಯರ ಪರಿಚಯ ಪಟ್ಟಿಯನ್ನು ಅದು ಇಟ್ಟುಕೊಂಡಿದೆ. ವಿದ್ಯಾರ್ಥಿನಿಯರೂ ಸೇರಬಹುದು, ನೀವೂ ಸೇರಿ. ನಿಮ್ಮ ಹಂತದವರಿಗೆ ಇಸ್ಕಾ ಜೊತೆ ನಡೆಯುವ ಯುಆರ್ಚ್ ಎಂಬ ವರ್ಕ್‌ಶಾಪ್ ಕೂಡ ಇದೆ. ಪದವಿ ವಿದ್ಯಾರ್ಥಿಗಳಿಗೆ ಈ ಕ್ಷೇತ್ರದ ಸಂಶೋಧನೆಯನ್ನು ಪರಿಚಯಿಸುವುದಕ್ಕೆಂದೇ ಅದನ್ನು ಮಾಡಿದ್ದಾರೆ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ನಾನೊಬ್ಬಳೇ ಹುಡುಗಿ. ವಿಭಾಗದಲ್ಲೊಂದು ಗುಂಪು ಕಟ್ಟಬೇಕೆಂದಿದ್ದೇನೆ. ಹಿಂದೆ ಇಬ್ಬರು ಪ್ರಯತ್ನಿಸಿದ್ದರಂತೆ, ನಾಲ್ಕು ತಿಂಗಳಿಗೆ ನಿಂತುಹೋಯಿತಂತೆ. ಎಲ್ಲಿಂದ ಶುರು ಮಾಡಲಿ? (ಪಿಎಚ್.ಡಿ. ಎರಡನೇ ವರ್ಷ)

ಉತ್ತರ: ಮೊದಲು ಜನ. ಆರ್ಕಿಟೆಕ್ಚರ್ ಒಂದನ್ನೇ ಹಿಡಿದು ಹೊರಟರೆ ಒಂದು ವಿಭಾಗದಲ್ಲಿ ಇಬ್ಬರೋ ಮೂವರೋ ಸಿಕ್ಕಾರು. ಕಂಪೈಲರ್, ಆಪರೇಟಿಂಗ್ ಸಿಸ್ಟಂ, ವಿಎಲ್‌ಎಸ್‌ಐ (ಚಿಪ್ ವಿನ್ಯಾಸ), ಎಂಬೆಡೆಡ್, ಹಾರ್ಡ್‌ವೇರ್ ಸೆಕ್ಯುರಿಟಿ ಓದುತ್ತಿರುವವರನ್ನೂ ಸೇರಿಸಿಕೊಳ್ಳಿ. ಐದಾರು ಜನರಿದ್ದರೆ ಶುರು ಮಾಡಬಹುದು. ಅದಕ್ಕಿಂತ ಕಡಿಮೆಯಾದರೆ ಇನ್ನೊಂದು ಸಂಸ್ಥೆಯವರನ್ನು ಜೊತೆ ಮಾಡಿಕೊಂಡು ಆನ್‌ಲೈನ್‌ನಲ್ಲಿ ಕೂಡಿ. ಇಬ್ಬರಿಗೆ ಜ್ವರ ಬಂದರೆ ಸಭೆ ರದ್ದಾಗುವಷ್ಟು ಚಿಕ್ಕ ಗುಂಪು ಬಾಳುವುದಿಲ್ಲ.

ಹದಿನೈದು ದಿನಕ್ಕೊಮ್ಮೆ, ವಾರದ ಒಂದೇ ದಿನ, ಒಂದೇ ಹೊತ್ತು, ಒಂದು ಗಂಟೆ. ಪ್ರತಿ ಸಲ ಎಲ್ಲರ ಬಿಡುವು ಕೇಳಿ ದಿನ ಗೊತ್ತುಮಾಡಲು ಹೋದರೆ ಮೂರನೇ ಸಭೆಗೇ ಎಡವುತ್ತೀರಿ. ಆ ಗಂಟೆಯಲ್ಲಿ ಮೊದಲ 40 ನಿಮಿಷ ತಾಂತ್ರಿಕ ವಿಷಯ, ಅಂದರೆ ಒಬ್ಬರು ಒಂದು ಪೇಪರ್ ಬಿಡಿಸಿ ಹೇಳಲಿ ಅಥವಾ ತಮ್ಮದೇ ಅರೆಬೆಂದ ಐಡಿಯಾ ಮುಂದಿಡಲಿ. ಉಳಿದ 20 ನಿಮಿಷ ವೃತ್ತಿಯ ಮಾತು: ಗೈಡ್ ಜೊತೆ ಮಾತುಕತೆ, ಇಂಟರ್ನ್‌ಶಿಪ್, ರಿಬಟಲ್, ರಜೆ. ಈ ಕ್ರಮ ತಿರುಗಿಸಬೇಡಿ. ಬರೀ ಕಷ್ಟಸುಖಕ್ಕೆ ಕೂಡಿದ ಗುಂಪಿಗೆ ಕೆಲಸದ ಒತ್ತಡ ಬಂದ ವಾರ ಯಾರೂ ಬರುವುದಿಲ್ಲ. ತಮ್ಮ ಪೇಪರ್‌ಗೆ ಉಪಯೋಗವಾಗುತ್ತದೆ ಎಂದಾದರೆ ಒತ್ತಡದ ವಾರವೂ ಬರುತ್ತಾರೆ.

ನಾಲ್ಕು ತಿಂಗಳಿಗೆ ನಿಂತುಹೋಗುವುದಕ್ಕೆ ಸಾಮಾನ್ಯವಾಗಿ ಡೆಡ್‌ಲೈನ್‌ಗಳೇ ಕಾರಣ. ಇಸ್ಕಾಕ್ಕೆ ಪೇಪರ್ ಕಳಿಸುವ ಗಡುವು ಸಾಧಾರಣವಾಗಿ ನವೆಂಬರ್‌ನಲ್ಲಿ, ಮೈಕ್ರೊದ್ದು ಏಪ್ರಿಲ್ ಸುಮಾರಿಗೆ, ಎಚ್‌ಪಿಸಿಎಯದು ಜುಲೈ ಕೊನೆ, ಆಗಸ್ಟ್ ಮೊದಲಿಗೆ. ಆಸ್ಪ್ಲಾಸ್ ಈಚೆಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪೇಪರ್ ತೆಗೆದುಕೊಳ್ಳುತ್ತದೆ. ವರ್ಷದ ಆರಂಭದಲ್ಲೇ ಈ ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಪ್ರತಿ ಗಡುವಿನ ಹಿಂದಿನ ಎರಡು ವಾರ ಸಭೆ ಇಲ್ಲವೆಂದು ಮೊದಲೇ ಘೋಷಿಸಿಬಿಡಿ. ಹೇಳಿ ನಿಲ್ಲಿಸಿದ ಗುಂಪು ಮತ್ತೆ ಕೂಡುತ್ತದೆ, ಹೇಳದೆ ನಿಂತದ್ದು ಕೂಡುವುದಿಲ್ಲ.

ಗಡುವಿಗೆ ಮೂರು ವಾರ ಮುಂಚಿನ ಸಭೆಯನ್ನು ಅಣಕು ರಿವ್ಯೂಗೆ ಮೀಸಲಿಡಿ. ಗುಂಪಿನಿಂದ ಸಿಗುವ ಅತಿ ದೊಡ್ಡ ಲಾಭ ಇದೇ ಎಂಬುದು ನಮ್ಮ ಅಭಿಪ್ರಾಯ. ಒಂದು ಡ್ರಾಫ್ಟ್‌ಗೆ ಇಬ್ಬರು ಓದುಗರು: ಒಬ್ಬರು ಅದೇ ವಿಷಯದವರು, ಇನ್ನೊಬ್ಬರು ಹೊರಗಿನವರು. ಹೊರಗಿನವರು ಶೀರ್ಷಿಕೆ, ಸಾರಾಂಶ, ಪೀಠಿಕೆ, ಮೊದಲ ಚಿತ್ರ ಇಷ್ಟನ್ನೇ ಓದಿ, ಈ ಪೇಪರ್ ಏನನ್ನು ಸಾಧಿಸಿದ್ದೇನೆ ಎನ್ನುತ್ತಿದೆ ಎಂಬುದನ್ನು ಮೂರು ವಾಕ್ಯದಲ್ಲಿ ಬರೆದುಕೊಡಲಿ. ಲೇಖಕಿಯ ಮನಸ್ಸಿನಲ್ಲಿದ್ದದ್ದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಪೀಠಿಕೆ ಮತ್ತೆ ಬರೆಯಬೇಕು. ವಿಷಯ ಬಲ್ಲವರು ನೋಡಬೇಕಾದದ್ದು ಬೇರೆ. ಬೇಸ್‌ಲೈನ್‌ನಲ್ಲಿ ಇಂದಿನ ಪ್ರಿಫೆಚರ್, ಇಂದಿನ ರಿಪ್ಲೇಸ್‌ಮೆಂಟ್ ಪಾಲಿಸಿ (ಕ್ಯಾಶ್ ಎಂಬ ಚಿಕ್ಕ, ವೇಗದ ಮೆಮೊರಿ ತುಂಬಿದಾಗ ಯಾವುದನ್ನು ತೆಗೆಯಬೇಕೆಂಬ ನಿಯಮ) ಇದೆಯೇ? ಸಿಮ್ಯುಲೇಶನ್‌ನಲ್ಲಿ ಕ್ಯಾಶ್ ಬಿಸಿಯಾಗಲು ಸಾಕಷ್ಟು ವಾರ್ಮಪ್ ಕೊಟ್ಟಿದ್ದಾರೆಯೇ? ಲಾಭ ಕಾಣುವ ವರ್ಕ್‌ಲೋಡ್‌ಗಳನ್ನಷ್ಟೇ ಆರಿಸಿದ ಹಾಗಿದೆಯೇ? ಹೊಸ ಟೇಬಲ್‌ಗೆ ಎಷ್ಟು ಕಿಲೋಬೈಟ್, ಎಷ್ಟು ವಿದ್ಯುತ್ ಎಂಬ ಲೆಕ್ಕ ಇದೆಯೇ? ಲ್ಯಾಬಿನ ಉಳಿದವರಿಗೆ ಈ ಪ್ರಶ್ನೆಗಳು ಊಟದ ಹೊತ್ತಿನ ಹರಟೆಯಲ್ಲೇ ಕಿವಿಗೆ ಬಿದ್ದಿರುತ್ತವೆ. ಒಬ್ಬಳೇ ಇರುವವಳಿಗೆ ರಿವ್ಯೂ ಬಂದ ಮೇಲಷ್ಟೇ ಗೊತ್ತಾಗುತ್ತದೆ.

ನಡೆಸುವವರು ಇಬ್ಬರಿರಲಿ, ಒಬ್ಬೊಬ್ಬರದು ಆರು ತಿಂಗಳ ಸರದಿ, ನಡುವೆ ಮೂರು ತಿಂಗಳ ಅಂತರ. ಆಗ ಯಾವಾಗಲೂ ಹಳಬರೊಬ್ಬರು, ಹೊಸಬರೊಬ್ಬರು ಇರುತ್ತಾರೆ. ಥೀಸಿಸ್ ಬರೆಯುವ ವರ್ಷದವರಿಗೆ ಈ ಹೊಣೆ ಹಾಕಬೇಡಿ. ಗುಂಪು ನಡೆಸುವುದು ವಿಭಾಗಕ್ಕೆ ಸಲ್ಲುವ ಸೇವೆ ಎಂದು ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿಕೊಳ್ಳಿ. ಮುಂದೆ ಬಯೋಡೇಟಾದಲ್ಲಿ ಹಾಕಲು, ಗೈಡ್ ಮುಖ ಸಿಂಡರಿಸಿದಾಗ ತೋರಿಸಲು ಅದು ಬೇಕಾಗುತ್ತದೆ.

ಗಂಡಸರನ್ನು ಸೇರಿಸಬೇಕೇ ಎಂದು ಮೂರು ಪತ್ರಗಳು ಕೇಳಿವೆ. ತಾಂತ್ರಿಕ 40 ನಿಮಿಷ ಎಲ್ಲರಿಗೂ ತೆರೆದಿರಲಿ, ನಂತರದ 20 ನಿಮಿಷ ಮಹಿಳೆಯರಿಗಷ್ಟೇ. ಇದನ್ನು ಮೊದಲ ದಿನವೇ ಬರೆದು ಹಾಕಿ.

ಪದವಿ ವಿದ್ಯಾರ್ಥಿನಿಯರನ್ನು ಸೆಳೆಯಲು ಮೂರು ಗಂಟೆಯ ಪ್ರಾಯೋಗಿಕ ತರಗತಿ ಇಡುವುದಾದರೆ ಒಂದು ಎಚ್ಚರಿಕೆ. ಪ್ರೊಸೆಸರ್ ನಡೆಯುವ ಬಗೆಯನ್ನು ಅನುಕರಿಸುವ ಜೆಮ್5 ಸಿಮ್ಯುಲೇಟರ್ ಅನ್ನು ಅವರವರ ಲ್ಯಾಪ್‌ಟಾಪಿನಲ್ಲಿ ಅಲ್ಲೇ ಕಂಪೈಲ್ ಮಾಡಿಸಲು ಹೋಗಬೇಡಿ. ಅದು ತುಂಬ ಹೊತ್ತು ಹಿಡಿಯುತ್ತದೆ. ಮೆಮೊರಿ ಕಡಿಮೆಯಿದ್ದು ಏಕಕಾಲದ ಜಾಬ್‌ಗಳ ಸಂಖ್ಯೆ ಹೆಚ್ಚಿಟ್ಟರೆ ನಡುವೆಯೇ ಸತ್ತುಹೋಗುತ್ತದೆ. ಮೊದಲೇ ಸರ್ವರ್ ಮೇಲೆ ಕಂಪೈಲ್ ಮಾಡಿ ಇಡಿ. ಮೊದಲ ತರಗತಿಗೆ ಅಂಥದ್ದೇ ಆದ ಚಾಂಪ್‌ಸಿಮ್ ಇನ್ನೂ ವಾಸಿ: ಟ್ರೇಸ್ ಫೈಲ್ (ಪ್ರೋಗ್ರಾಂ ನಡೆಸಿದ ಇನ್‌ಸ್ಟ್ರಕ್ಷನ್‌ಗಳ ದಾಖಲೆ) ಕೊಟ್ಟರೆ ಓಡುತ್ತದೆ. ಕ್ಯಾಶ್‌ನ ರಿಪ್ಲೇಸ್‌ಮೆಂಟ್ ಪಾಲಿಸಿಯನ್ನು ಎಲ್‌ಆರ್‌ಯುನಿಂದ (ಬಹಳ ಹೊತ್ತು ಬಳಸದ್ದನ್ನು ತೆಗೆಯುವ ನಿಯಮದಿಂದ) ರ್‍ಯಾಂಡಮ್‌ಗೆ ಬದಲಿಸಿ, ಮಿಸ್ (ಬೇಕಾದದ್ದು ಕ್ಯಾಶ್‌ನಲ್ಲಿ ಸಿಗದ ಸಲ) ಎಷ್ಟು, ಐಪಿಸಿ (ಒಂದು ಆವರ್ತಕ್ಕೆ ಮುಗಿಯುವ ಇನ್‌ಸ್ಟ್ರಕ್ಷನ್‌ಗಳು) ಎಷ್ಟು ಎಂದು ಅವರೇ ಹೋಲಿಸಿ ನೋಡಲಿ. ತನ್ನ ಕೈಯಿಂದ ಸಂಖ್ಯೆ ಬದಲಾದದ್ದನ್ನು ಕಂಡವಳು ಮುಂದಿನ ಸಲವೂ ಬರುತ್ತಾಳೆ.

ಪ್ರಶ್ನೆ: ಕಾನ್ಫರೆನ್ಸ್‌ಗೆ ಹೋದರೆ ಪೋಸ್ಟರ್ ಪಕ್ಕ ನಿಂತು ಬರುತ್ತೇನೆ ಅಷ್ಟೇ. ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಏನು ಮಾಡಬೇಕು? (ಪಿಎಚ್.ಡಿ. ಮೂರನೇ ವರ್ಷ)

ಉತ್ತರ: ಹೊರಡುವುದಕ್ಕೆ ಎರಡು ವಾರ ಮೊದಲೇ ಕೆಲಸ ಶುರುವಾಗಬೇಕು. ಕಾರ್ಯಕ್ರಮ ಪಟ್ಟಿ ನೋಡಿ ನಿಮ್ಮ ವಿಷಯದ ನಾಲ್ಕು ಜನರನ್ನು ಆರಿಸಿ, ಅವರಲ್ಲಿ ಇಬ್ಬರಾದರೂ ಹಿರಿಯ ವಿದ್ಯಾರ್ಥಿಗಳೋ ಹೊಸ ಅಧ್ಯಾಪಕರೋ ಆಗಿರಲಿ. ದೊಡ್ಡ ಹೆಸರಿನವರ ಸುತ್ತ ಯಾವಾಗಲೂ ಗುಂಪಿರುತ್ತದೆ. ನಿಮ್ಮ ಪೇಪರ್ ಓದಿ ನಾಳೆ ರಿವ್ಯೂ ಬರೆಯುವವರು ಈ ನಡುವಿನವರು. ಇಮೇಲ್ ಐದು ಸಾಲು ಸಾಕು: ನೀವು ಯಾರು, ಅವರ ಯಾವ ಪೇಪರ್‌ನ ಯಾವ ಭಾಗ ನಿಮಗೆ ಮುಖ್ಯವಾಯಿತು, ಒಂದು ಪ್ರಶ್ನೆ, ಕಾಫಿ ವಿರಾಮದಲ್ಲಿ ಹದಿನೈದು ನಿಮಿಷ ಸಿಗುತ್ತೀರಾ. "ನಿಮ್ಮ ಮಾರ್ಗದರ್ಶನ ಬೇಕು" ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ, ಯಾಕೆಂದರೆ ಏನು ಹೇಳಬೇಕೆಂದು ಅವರಿಗೇ ತಿಳಿಯುವುದಿಲ್ಲ.

ನಿಮ್ಮ ಕೆಲಸವನ್ನು ಒಂದು ನಿಮಿಷದಲ್ಲಿ ಹೇಳಲು ಬಾಯಿಪಾಠ ಮಾಡಿಕೊಳ್ಳಿ. ಹೆಚ್ಚಿನವರು ಹೇಳುವುದು ಹೀಗೆ: "ನಾನು ಕ್ಯಾಶ್ ಮತ್ತು ಪ್ರಿಫೆಚಿಂಗ್ ಮೇಲೆ ಕೆಲಸ ಮಾಡುತ್ತಿದ್ದೇನೆ." ಇದನ್ನು ಕೇಳಿದವರಿಗೆ ಮುಂದೆ ಕೇಳಲು ಏನೂ ಇಲ್ಲ. ಇದನ್ನೇ ಹೀಗೆ ಹೇಳಿ ನೋಡಿ: "ಪ್ರಿಫೆಚರ್ ತರುವ ಬ್ಲಾಕ್‌ಗಳಲ್ಲಿ ಬಳಕೆಯೇ ಆಗದವು ಮೆಮೊರಿ ಬ್ಯಾಂಡ್‌ವಿಡ್ತ್ ತಿನ್ನುತ್ತವೆ. ಅಂಥವು ಯಾವುವೆಂದು ಲೋಡ್ ಇನ್‌ಸ್ಟ್ರಕ್ಷನ್‌ನ ವಿಳಾಸ ನೋಡಿಯೇ ಮುಂಚಿತವಾಗಿ ಗುರುತಿಸಬಹುದು; ಕೋರ್‌ಗೆ ಎರಡು ಕಿಲೋಬೈಟ್ ಟೇಬಲ್ ಸಾಕು. ಹಲವು ಕೋರ್ ಒಟ್ಟಿಗೆ ಓಡುವಾಗ ಮಾತ್ರ ಟೇಬಲ್ ತಪ್ಪುತ್ತದೆ, ಈಗ ಅಲ್ಲಿದ್ದೇನೆ." ಸಮಸ್ಯೆ, ಉಪಾಯ, ಬೆಲೆ, ಸಿಕ್ಕಿಹಾಕಿಕೊಂಡಿರುವ ಜಾಗ. ಕೊನೆಯದನ್ನು ಹೇಳಲು ನಾಚಬೇಡಿ, ಮಾತು ಬೆಳೆಯುವುದು ಅಲ್ಲಿಂದಲೇ.

ಸಭಾಂಗಣದಲ್ಲಿ ಪ್ರಶ್ನೆ ಕೇಳುವಾಗ ಮೊದಲು ಹೆಸರು, ಸಂಸ್ಥೆ ಹೇಳಿ. ಮೈಕ್ ಮುಂದೆ ಸಾಲಿನಲ್ಲಿ ಮೊದಲ ಮೂವರಲ್ಲಿರಿ. ಅದರ ಹಿಂದಿನವರಿಗೆ ಸಮಯ ಉಳಿಯುವುದು ಕಡಿಮೆ. ಪ್ರಶ್ನೆಯನ್ನು ಬರೆದಿಟ್ಟುಕೊಂಡು ಓದಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಹಿರಿಯ ಸಂಶೋಧಕರ ಜೊತೆ ವಿದ್ಯಾರ್ಥಿಗಳನ್ನು ಕೂರಿಸುವ ಮಾಸಾ ಎಂಬ ಕಾರ್ಯಕ್ರಮ ಈ ಕಾನ್ಫರೆನ್ಸ್‌ಗಳಲ್ಲಿ ನಡೆಯುತ್ತದೆ. ಅದಕ್ಕೆ ಮುಂಚಿತವಾಗಿ ಹೆಸರು ಕೊಡಬೇಕು. ಇನ್ನೂ ಪೇಪರ್ ಆಗದವರು ವೈಆರ್ಚ್ ವರ್ಕ್‌ಶಾಪ್‌ಗೆ ಕಳಿಸಿ. ಆರಂಭದ ಹಂತದ ಕೆಲಸಕ್ಕೂ ಅಲ್ಲಿ ಪರಿಣತರ ಅಭಿಪ್ರಾಯ ಸಿಗುತ್ತದೆ.

ವಾಪಸಾಗಿ ಒಂದು ವಾರದೊಳಗೆ ಮಾತಾಡಿದವರಿಗೆಲ್ಲ ಎರಡು ಸಾಲು ಬರೆಯಿರಿ, ಕೊಡುತ್ತೇನೆಂದ ಫೈಲ್ ಕಳಿಸಿ. ಹೆಚ್ಚಿನವರು ಕೈಬಿಡುವ ಹೆಜ್ಜೆ ಇದು.

ಪ್ರಶ್ನೆ: ವರ್ಕ್‌ಶಾಪ್ ಒಂದರ ಪ್ರೋಗ್ರಾಮ್ ಕಮಿಟಿ (ಪೇಪರ್‌ಗಳನ್ನು ಓದಿ ಆರಿಸುವ ಸಮಿತಿ) ರಚಿಸುವ ಹೊಣೆ ನನ್ನ ಮೇಲಿದೆ. ಮಹಿಳೆಯರನ್ನು ಕರೆದರೆ "ಆಗುವುದಿಲ್ಲ" ಎನ್ನುತ್ತಾರೆ. ನಿಜವಾಗಿ ಹೆಸರುಗಳೇ ಸಿಗುತ್ತಿಲ್ಲ. (ಸಹ ಪ್ರಾಧ್ಯಾಪಕರು)

ಉತ್ತರ: ನೀವು ಕರೆದವರ ಪಟ್ಟಿ ನಮ್ಮ ಮುಂದಿಲ್ಲ. ಆದರೆ ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಅದೇ ಐದಾರು ಪ್ರಸಿದ್ಧ ಹೆಸರುಗಳಿರುತ್ತವೆ, ಮತ್ತು ಆ ಐದಾರು ಜನರನ್ನು ಎಲ್ಲರೂ ಕರೆದಿರುತ್ತಾರೆ. ಅವರು ಬೇಡವೆನ್ನುವುದು ಕೈಗೆ ಆಗದ್ದರಿಂದ.

ನೆನಪಿನಿಂದ ಹೆಸರು ತೆಗೆಯುವುದನ್ನು ಬಿಟ್ಟು ಒಂದು ಕೋಷ್ಟಕ ಮಾಡಿ. ಒಂದೊಂದು ಸಾಲಿಗೆ ಒಂದು ಉಪವಿಷಯ: ಕೋರ್ ವಿನ್ಯಾಸ, ಮೆಮೊರಿ, ಇಂಟರ್‌ಕನೆಕ್ಟ್, ಆಕ್ಸಿಲರೇಟರ್, ಜಿಪಿಯು, ಸೆಕ್ಯುರಿಟಿ, ರಿಲಯಬಿಲಿಟಿ, ಕ್ವಾಂಟಮ್. ನಾಲ್ಕೂ ಕಾನ್ಫರೆನ್ಸ್‌ಗಳ ಕಳೆದ ಐದು ವರ್ಷದ ಲೇಖಕರ ಪಟ್ಟಿ ತೆರೆದು, ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ನೋಡುತ್ತಾ ಹೋಗಿ. ಐದು ವರ್ಷದ ಹಿಂದೆ ವಿದ್ಯಾರ್ಥಿನಿಯಾಗಿ ಮೊದಲ ಲೇಖಕಿಯಾಗಿದ್ದವರು ಇವತ್ತು ಅಧ್ಯಾಪಕಿಯೋ ಕಂಪನಿಯ ಆರ್ಕಿಟೆಕ್ಟೋ ಆಗಿರುತ್ತಾರೆ, ನಿಮ್ಮ ನೆನಪಿನಲ್ಲಿ ಮಾತ್ರ ಇನ್ನೂ ವಿದ್ಯಾರ್ಥಿನಿ. ವಿಕಾರ್ಚ್ ಪಟ್ಟಿ, ಹಿಂದಿನ ಹೊರ ರಿವ್ಯೂ ಸಮಿತಿಗಳ ಪಟ್ಟಿ, ಇಂಡಸ್ಟ್ರಿ ಸೆಷನ್‌ಗಳ ಲೇಖಕರು, ಇವೂ ಸೇರಲಿ. ಬರೀ ಹೆಸರು ನೋಡಿ ಹೆಣ್ಣೋ ಗಂಡೋ ತೀರ್ಮಾನಿಸಬೇಡಿ. ಬೇರೆ ದೇಶದ ಹೆಸರುಗಳಲ್ಲಿ ಖಂಡಿತ ಎಡವುತ್ತೀರಿ. ಅವರದೇ ಪುಟದಲ್ಲಿ ಅವರು ತಮ್ಮನ್ನು ಹೇಗೆ ಪರಿಚಯಿಸಿಕೊಂಡಿದ್ದಾರೆ ನೋಡಿ. ಪ್ರತಿ ಸಾಲಿನಲ್ಲೂ ಮೂವರು ಮಹಿಳೆಯರ ಹೆಸರು ತುಂಬುವವರೆಗೆ ಒಂದೂ ಆಹ್ವಾನ ಹೋಗಬಾರದು.

ಕೆಡುವುದು ಹೆಚ್ಚಾಗಿ ಆಹ್ವಾನದ ಕ್ರಮದಲ್ಲಿ. ಮೊದಲು ಪರಿಚಯದವರನ್ನು ಕರೆದು, ಕೊನೆಗೆ ಪಟ್ಟಿ ನೋಡಿ "ಮಹಿಳೆಯರು ಕಡಿಮೆಯಾದರು" ಎಂದು ಅವಸರದಲ್ಲಿ ಹುಡುಕುತ್ತಾರೆ. ಅಷ್ಟರಲ್ಲಿ ಅವರ ಕ್ಯಾಲೆಂಡರ್ ತುಂಬಿರುತ್ತದೆ. ತಡವಾಗಿ ಬಂದ ಆಹ್ವಾನ ಯಾಕೆ ಬಂದಿದೆ ಎಂಬುದೂ ಅವರಿಗೆ ಗೊತ್ತಾಗುತ್ತದೆ. ಎಲ್ಲರಿಗೂ ಒಂದೇ ದಿನ ಕಳಿಸಿ. ಪತ್ರದಲ್ಲಿ ಎಷ್ಟು ಪೇಪರ್ ಓದಬೇಕು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಸಭೆ ಆನ್‌ಲೈನೋ ಮುಖಾಮುಖಿಯೋ ಎಂಬುದನ್ನು ಸ್ಪಷ್ಟ ಬರೆಯಿರಿ. ಪುಟ್ಟ ಮಗುವಿರುವವರು ಈ ಮೂರು ವಿವರ ತಿಳಿಯದೆ ಒಪ್ಪಿಕೊಳ್ಳಲಾರರು. ಆಗುವುದಿಲ್ಲ ಎಂದವರನ್ನು ಎರಡು ಹೆಸರು ಸೂಚಿಸಲು ಕೇಳಿ. ಸಿಗುವ ಹೆಸರುಗಳಲ್ಲಿ ನಿಮಗೆ ಗೊತ್ತಿಲ್ಲದವು ಇದ್ದೇ ಇರುತ್ತವೆ.

ಈ ಕಾನ್ಫರೆನ್ಸ್‌ಗಳಲ್ಲಿ ಲೇಖಕರ ಹೆಸರು ಮುಚ್ಚಿ ರಿವ್ಯೂ ಮಾಡುವ ಪದ್ಧತಿ ಇದೆಯಲ್ಲ, ಮತ್ತೇಕೆ ಇಷ್ಟೆಲ್ಲ ಎಂದು ಕೇಳುವವರಿದ್ದಾರೆ. ಅದು ಪೇಪರ್‌ಗೆ ಅನ್ವಯಿಸುವ ಪದ್ಧತಿ. ಕಮಿಟಿ, ಮುಖ್ಯ ಭಾಷಣ, ಪ್ಯಾನೆಲ್, ಪ್ರಶಸ್ತಿ ಇವುಗಳಲ್ಲೆಲ್ಲ ಮೊದಲು ಕಾಣುವುದೇ ಹೆಸರು, ಅಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ.

ಪ್ಯಾನೆಲ್‌ನಲ್ಲಿ ಒಬ್ಬ ಮಹಿಳೆಯನ್ನು ನಿರೂಪಕಿಯಾಗಿ ಕೂರಿಸಿ ಉಳಿದ ನಾಲ್ವರು ಗಂಡಸರು ಅಭಿಪ್ರಾಯ ಹೇಳುವ ಏರ್ಪಾಡು ಬೇಡ. ಡಿಆರ್‌ಎಎಂ (ಕಂಪ್ಯೂಟರಿನ ಮುಖ್ಯ ಮೆಮೊರಿ) ಬಲ್ಲವರನ್ನು ಡಿಆರ್‌ಎಎಂ ಬಗ್ಗೆ ಮಾತಾಡಲು ಕರೆಯಿರಿ, ಮಹಿಳೆಯಾಗಿರುವುದರ ಬಗ್ಗೆ ಮಾತಾಡಲು ಅಲ್ಲ. ಕೊನೆಗೆ ಎಷ್ಟು ಜನರನ್ನು ಕರೆದಿರಿ, ಎಷ್ಟು ಜನ ಒಪ್ಪಿದರು ಎಂಬ ಲೆಕ್ಕವನ್ನೂ ಕೋಷ್ಟಕವನ್ನೂ ಮುಂದಿನ ವರ್ಷದ ಅಧ್ಯಕ್ಷರಿಗೆ ಕೊಡಿ. ಇಲ್ಲದಿದ್ದರೆ ಅವರೂ ನೆನಪಿನಿಂದಲೇ ಶುರು ಮಾಡುತ್ತಾರೆ.

ಪ್ರಶ್ನೆ: ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಪ್ರಶಸ್ತಿ ಬರಬೇಕು ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಹೆಸರು ಕಳಿಸುವುದಿಲ್ಲ. ನಾನು ಕಳಿಸಬಹುದೇ?

ಉತ್ತರ: ಖಂಡಿತ ಕಳಿಸಿ. ಯಾರೋ ಕಳಿಸಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿರುವುದರಿಂದಲೇ ಎಷ್ಟೋ ಹೆಸರುಗಳು ಹೋಗುವುದಿಲ್ಲ. ನಾಮನಿರ್ದೇಶಕರು ಸದಸ್ಯರಾಗಿರಬೇಕೇ, ಬೆಂಬಲ ಪತ್ರ ಎಷ್ಟು ಎಂಬುದು ಪ್ರಶಸ್ತಿಯಿಂದ ಪ್ರಶಸ್ತಿಗೆ ಬದಲಾಗುತ್ತದೆ. ನಿಯಮಾವಳಿಯನ್ನು ಮೊದಲು ಓದಿ. ಮಾರಿಸ್ ವಿಲ್ಕ್ಸ್ ಪ್ರಶಸ್ತಿ ವೃತ್ತಿ ಆರಂಭಿಸಿ 20 ವರ್ಷದೊಳಗಿನವರಿಗೆ ಮೀಸಲು. ಮಲ್ಟಿಪ್ರೊಸೆಸರ್‌ಗಳ ಮೆಮೊರಿ ಮಾಡೆಲ್ ಕುರಿತ ಕೆಲಸಕ್ಕೆ ಹೆಸರಾದ ಸರಿತಾ ಆಡ್ವೆ ಅವರಿಗೆ 2008ರಲ್ಲಿ ಸಿಕ್ಕಿತು. ಇಂಥ ಕಾಲಮಿತಿ ಇರುವ ಪ್ರಶಸ್ತಿಗಳಿಗೆ "ಮುಂದಿನ ವರ್ಷ ನೋಡೋಣ" ಎನ್ನುವುದೇ ಅಪಾಯ.

ಗಡುವಿಗೆ ಆರು ತಿಂಗಳ ಮೊದಲು ಕಡತ ತೆರೆಯಿರಿ. ಮೊದಲ ತಿಂಗಳು ಅವರ ಎಲ್ಲ ಕೆಲಸದಿಂದ ಎರಡೋ ಮೂರೋ ಮುಖ್ಯ ಕೊಡುಗೆಗಳನ್ನು ಆರಿಸಿ, ಇಪ್ಪತ್ತೈದು ಪದಗಳೊಳಗೆ ಪ್ರಶಸ್ತಿ ವಾಕ್ಯ ಬರೆಯಿರಿ. ಈ ವಾಕ್ಯ ಮೊದಲೇ ಗಟ್ಟಿಯಾಗದಿದ್ದರೆ ಬೆಂಬಲ ಪತ್ರಗಳು ಒಂದೊಂದು ಒಂದೊಂದು ದಿಕ್ಕಿಗೆ ಹೋಗುತ್ತವೆ. ನಂತರ ಬೆಂಬಲಿಗರನ್ನು ಹುಡುಕಿ: ಅವರ ಕೈಕೆಳಗೆ ಓದಿದವರೇ ಎಲ್ಲರೂ ಆಗಬಾರದು, ಜೊತೆ ಪೇಪರ್ ಬರೆಯದವರು, ಆ ಕೆಲಸವನ್ನು ಉತ್ಪನ್ನದಲ್ಲಿ ಬಳಸಿದ ಕಂಪನಿಯವರು ಇರಬೇಕು. ಯಾವ ಪತ್ರ ಯಾವ ಕೊಡುಗೆಯನ್ನು ಹೇಳಬೇಕು ಎಂದು ಹಂಚಿಕೊಡಿ.

ಪತ್ರದ ಭಾಷೆಯ ಮೇಲೆ ಕಣ್ಣಿಡಿ. "ಅವರು ತುಂಬ ಶ್ರಮಜೀವಿ, ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು, ತಂಡದ ಆಧಾರಸ್ತಂಭ" ಎಂಬಂಥ ವಾಕ್ಯಗಳು ಮಹಿಳೆಯರ ಬಗೆಗಿನ ಪತ್ರಗಳಲ್ಲಿ ಸುಲಭವಾಗಿ ನುಸುಳುತ್ತವೆ. ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತಾರೆ, ಸಮಿತಿಗೆ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ. ಬೇಕಾದದ್ದು ಇಂಥದ್ದು: "ಇವರ ಪವರ್ ಮಾಡೆಲ್ ಬರುವ ಮೊದಲು ವಿದ್ಯುತ್ ಬಳಕೆ ತಿಳಿಯಲು ಸರ್ಕ್ಯೂಟ್ ವಿನ್ಯಾಸ ಮುಗಿಯುವವರೆಗೆ ಕಾಯಬೇಕಿತ್ತು, ಬಂದ ಮೇಲೆ ಆರ್ಕಿಟೆಕ್ಚರ್ ಹಂತದಲ್ಲೇ ಅಂದಾಜು ಮಾಡುವುದು ರೂಢಿಯಾಯಿತು." ಮಾರ್ಟನೋಸಿ ಅವರ ತಂಡ 2000ನೇ ಇಸವಿಯ ಇಸ್ಕಾದಲ್ಲಿ ಮಂಡಿಸಿದ ವ್ಯಾಟ್ಚ್ ಎಂಬ ಸಾಧನದ ಬಗ್ಗೆ ಬರೆಯುವುದಾದರೆ ಹೀಗೆ ಬರೆಯಬೇಕು. ಹಿಂದೆ ಏನಿತ್ತು, ಆಮೇಲೆ ಏನು ಬದಲಾಯಿತು. ಮೆಚ್ಚುಗೆಯ ಪದ ಒಂದೂ ಬೇಕಿಲ್ಲ.

ಮೊದಲ ಸಲ ಬಾರದಿದ್ದರೆ ಕಡತ ಎಸೆಯಬೇಡಿ, ಹೊಸ ವರ್ಷದ ಕೆಲಸ ಸೇರಿಸಿ ಮತ್ತೆ ಕಳಿಸಿ.

ಪ್ರಶ್ನೆ: ಚಿಪ್ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಪರ್ಫಾರ್ಮೆನ್ಸ್ ಮಾಡೆಲಿಂಗ್ (ಚಿಪ್ ತಯಾರಾಗುವ ಮೊದಲೇ ಅದರ ವೇಗ ಅಂದಾಜಿಸುವ ಕೆಲಸ) ಮಾಡುತ್ತಿದ್ದೇನೆ. ಎಲ್ಲವೂ ಗೌಪ್ಯ. ಹೊರಗೆ ನನ್ನ ಹೆಸರೇ ಇಲ್ಲ.

ಉತ್ತರ: ಗೌಪ್ಯತೆ ಏನು ಮಾಡಬಲ್ಲದು ಎಂಬುದಕ್ಕೆ ಕಂಪ್ಯೂಟರ್ ವಿಜ್ಞಾನಿ ಲಿನ್ ಕಾನ್ವೇ ಅವರ ಬದುಕು ಸಾಕ್ಷಿ. ಇನ್‌ಸ್ಟ್ರಕ್ಷನ್‌ಗಳನ್ನು ಬರೆದ ಕ್ರಮ ಬಿಟ್ಟು, ಸಿದ್ಧವಾದ ಕ್ರಮದಲ್ಲಿ ಪ್ರೊಸೆಸರ್ ಗಡಿಯಾರದ ಒಂದೇ ಆವರ್ತಕ್ಕೆ ಹಲವನ್ನು ಹೊರಡಿಸುವ ವಿಧಾನದ ಬಗ್ಗೆ ಅವರು ಐಬಿಎಂನ ಎಸಿಎಸ್ ಯೋಜನೆಯಲ್ಲಿ ಟಿಪ್ಪಣಿ ಬರೆದದ್ದು 1966ರಲ್ಲಿ. ಲಿಂಗ ಪರಿವರ್ತನೆಗೆ ಮುಂದಾದುದಕ್ಕೆ 1968ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ. ಎಸಿಎಸ್ ಯೋಜನೆಯೂ ಆ ಕಾಲದಲ್ಲೇ ಕೈಬಿಟ್ಟುಹೋಗಿತ್ತು. 1990ರ ದಶಕದ ಕೊನೆಯಲ್ಲಿ ಮಾರ್ಕ್ ಸ್ಮೋದರ್‌ಮನ್ ಎಂಬ ಸಂಶೋಧಕರು ಎಸಿಎಸ್ ಇತಿಹಾಸ ಕೆದಕಿದಾಗ, ಕಾನ್ವೇ ಕಾಪಾಡಿಕೊಂಡಿದ್ದ ಕಾಗದಗಳಿಂದಲೇ ಅದೆಲ್ಲ ಬೆಳಕಿಗೆ ಬಂತು. ಅಷ್ಟರಲ್ಲಿ ಅದೇ ಬಗೆಯ ತಂತ್ರ ಮಾರುಕಟ್ಟೆಯ ಪ್ರೊಸೆಸರ್‌ಗಳಲ್ಲಿ ಬೇರೆ ದಾರಿಯಿಂದ ಬಂದಾಗಿತ್ತು.

ಕಂಪನಿಯ ಕಾಗದಗಳನ್ನು ಮನೆಗೆ ಒಯ್ಯಿರಿ ಎಂದು ಹೇಳುತ್ತಿಲ್ಲ. ಹಾಗೆ ಮಾಡಿದರೆ ಕೆಲಸಕ್ಕೇ ಕುತ್ತು. ನಿಯಮದೊಳಗೇ ದಾರಿಗಳಿವೆ. ಕಂಪನಿಯ ಒಳಗಿನ ವಿನ್ಯಾಸ ದಾಖಲೆಗಳಲ್ಲಿ ಲೇಖಕರ ಸಾಲಿನಲ್ಲಿ ನಿಮ್ಮ ಹೆಸರು ಇರಲೇಬೇಕು ಎಂದು ಪಟ್ಟು ಹಿಡಿಯಿರಿ. ಪೇಟೆಂಟ್ ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಆವಿಷ್ಕಾರಕರ ಪಟ್ಟಿ ತಯಾರಾಗುವ ಸಭೆಗೆ ತಪ್ಪಿಸಿಕೊಳ್ಳಬೇಡಿ, ಮಾಡೆಲ್ ಓಡಿಸಿ ಐಡಿಯಾ ತಿದ್ದಿದವರನ್ನು ಅಲ್ಲಿ ಮರೆಯುವುದು ಸುಲಭ. ಇಸ್ಕಾ, ಎಚ್‌ಪಿಸಿಎಗಳಲ್ಲಿ ಇಂಡಸ್ಟ್ರಿಯವರಿಗೆಂದೇ ಸೆಷನ್ ಇರುತ್ತದೆ. ಮಾರುಕಟ್ಟೆಗೆ ಬಂದಾಗಿರುವ ಚಿಪ್‌ನ ಬಗ್ಗೆ ಬರೆದರೆ ಅನುಮತಿ ಸುಲಭ. ನಿಜವಾದ ಸಂಖ್ಯೆಗಳ ಬದಲು ಹಿಂದಿನ ತಲೆಮಾರಿನ ಚಿಪ್ ಒಂದು ಎಂದಿಟ್ಟು ಅದಕ್ಕೆ ಹೋಲಿಸಿದ ಅನುಪಾತ ಕೊಟ್ಟರೆ ಕಾನೂನು ವಿಭಾಗದ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಅನುಮತಿಗೆ ಎರಡು ತಿಂಗಳು ಇಟ್ಟುಕೊಳ್ಳಿ.

ಇನ್ನೊಂದು ಒಳ್ಳೆಯ ದಾರಿ ರಿಸ್ಕ್-ಫೈವ್ ಎಂಬ ತೆರೆದ ಪ್ರೊಸೆಸರ್ ಮಾನದಂಡದ ತಾಂತ್ರಿಕ ಗುಂಪುಗಳು ಮತ್ತು ಜೆಮ್5ನಂಥ ತೆರೆದ ಸಾಫ್ಟ್‌ವೇರ್. ಅಲ್ಲಿನ ಪ್ರತಿ ತಿದ್ದುಪಡಿಗೂ ಹೆಸರು, ದಿನಾಂಕ ಶಾಶ್ವತವಾಗಿ ಉಳಿಯುತ್ತದೆ. ಸಣ್ಣ ದೋಷ ಸರಿಪಡಿಸುವುದರಿಂದ ಶುರು ಮಾಡಿ. ಮೊದಲೇ ದೊಡ್ಡ ತಿದ್ದುಪಡಿ ಕಳಿಸಿದರೆ ನೋಡುವವರಿಗೆ ಪುರಸೊತ್ತು ಸಿಗದೆ ತಿಂಗಳುಗಟ್ಟಲೆ ಬಿದ್ದಿರುತ್ತದೆ.

ಪ್ರಶ್ನೆ: ಕಾನ್ಫರೆನ್ಸ್‌ನಲ್ಲಿ ಹಿರಿಯರೊಬ್ಬರು ಅಸಭ್ಯವಾಗಿ ನಡೆದುಕೊಂಡರು. ದೂರು ಕೊಟ್ಟರೆ ನನ್ನ ಭವಿಷ್ಯ ಏನಾದೀತೆಂಬ ಭಯ.

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಆದರೂ ಒಬ್ಬರೇ ಹೊರಬೇಕಿಲ್ಲ. ಇವತ್ತೇ ಒಂದು ಕೆಲಸ ಮಾಡಿ: ದಿನ, ಹೊತ್ತು, ಜಾಗ, ಆಡಿದ ಮಾತು ಆಡಿದಂತೆಯೇ, ಹತ್ತಿರ ಇದ್ದವರು ಯಾರು ಎಂಬುದನ್ನು ಬರೆದು, ನಿಮ್ಮದೇ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ, ದಿನಾಂಕ ತಾನಾಗಿ ದಾಖಲಾಗುತ್ತದೆ. ದೂರು ಕೊಡುವುದೋ ಬಿಡುವುದೋ ಆಮೇಲೆ ತೀರ್ಮಾನಿಸಬಹುದು.

ಈ ಕ್ಷೇತ್ರಕ್ಕೆಂದೇ ಕೇರ್ಸ್ ಎಂಬ ಸಮಿತಿ ಇದೆ. 2018ರಲ್ಲಿ ಸರಿತಾ ಆಡ್ವೆ ಮತ್ತು ಕ್ಯಾಥರಿನ್ ಮೆಕಿನ್ಲಿ ಅವರ ಮುಂದಾಳತ್ವದಲ್ಲಿ ಶುರುವಾಯಿತು. ಅದರ ಸದಸ್ಯರು ಯಾರೆಂದು ಬಹಿರಂಗವಾಗಿ ಪ್ರಕಟಿಸಿರುತ್ತಾರೆ. ನಿಮಗೆ ನಂಬಿಕೆ ಬರುವ ಒಬ್ಬರನ್ನು ಆರಿಸಿಕೊಂಡು ಮಾತಾಡಿ. ಅವರು ಕೇಳಿಸಿಕೊಳ್ಳುತ್ತಾರೆ, ಯಾವ ದಾರಿಗಳಿವೆ, ಎಲ್ಲಿ ದೂರು ಕೊಡಬೇಕು ಎಂದು ವಿವರಿಸುತ್ತಾರೆ. ವಿಚಾರಣೆ ನಡೆಸುವುದು, ಶಿಕ್ಷೆ ಕೊಡುವುದು ಅವರ ಕೈಯಲ್ಲಿಲ್ಲ. ಅದು ಕಾನ್ಫರೆನ್ಸ್ ನಡೆಸುವ ಎಸಿಎಂ ಅಥವಾ ಐಇಇಇಗೆ ಕೊಡುವ ವಿಧಿಬದ್ಧ ದೂರಿನಿಂದ ಆಗುವಂಥದ್ದು. ಈ ವ್ಯತ್ಯಾಸ ತಿಳಿದುಕೊಂಡು ಹೋದರೆ ನಿರಾಶೆಯಾಗುವುದಿಲ್ಲ. ಆ ವ್ಯಕ್ತಿ ನಿಮ್ಮ ಪೇಪರ್ ರಿವ್ಯೂ ಮಾಡಬಾರದು ಎಂದಿದ್ದರೆ, ಕಾರಣ ವಿವರಿಸದೆ ಪ್ರೋಗ್ರಾಮ್ ಕಮಿಟಿಯ ಅಧ್ಯಕ್ಷರಿಗೆ ತಿಳಿಸಬಹುದೇ ಎಂದೂ ಕೇರ್ಸ್ ಸದಸ್ಯರನ್ನು ಕೇಳಿ.

ಪ್ರಶ್ನೆ: ಮದುವೆಯ ನಂತರ ಹೆಸರು ಬದಲಾಯಿತು. ಹಳೆಯ ಪೇಪರ್‌ಗಳು ಬೇರೆಯವರದೆಂಬಂತೆ ಕಾಣುತ್ತವೆ.

ಉತ್ತರ: ಸಂಶೋಧಕರನ್ನು ಗುರುತಿಸುವ ವ್ಯವಸ್ಥೆಯಾದ ಒಆರ್‌ಸಿಐಡಿಯಲ್ಲಿ ನೋಂದಾಯಿಸಿ 16 ಅಂಕಿಯ ಗುರುತು ಸಂಖ್ಯೆ ಪಡೆಯಿರಿ, ಎರಡೂ ಹೆಸರನ್ನು ಅದಕ್ಕೆ ಜೋಡಿಸಿ. ಹಳೆಯ ಪೇಪರ್‌ಗಳ ಮೇಲೂ ಹೆಸರು ತಿದ್ದಿಸಬೇಕೆಂದರೆ ಎಸಿಎಂನಲ್ಲಿ ಅದಕ್ಕೆ ವಿಧಾನವಿದೆ, ಬರೆದು ಕೇಳಿ. ಇನ್ನೂ ಬದಲಿಸದವರಿಗೆ ನಮ್ಮ ಸಲಹೆ: ಮೊದಲ ಪೇಪರ್‌ನಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೇ, ಇನಿಶಿಯಲ್ ಇರುವ ಜಾಗವೂ ಸೇರಿ, ಕೊನೆಯವರೆಗೆ ಉಳಿಸಿಕೊಳ್ಳಿ. ಕಾಗದಪತ್ರದ ಹೆಸರು ಬೇರೆ ಇದ್ದರೂ ಅಡ್ಡಿಯಿಲ್ಲ.

ಪ್ರಶ್ನೆ: ನನ್ನ ತೊಂದರೆ ತಿರುಗಾಮುರುಗಾ. ವಿಭಾಗದ ಪ್ರತಿ ಸಮಿತಿಗೂ, ಪ್ರತಿ ಪ್ಯಾನೆಲ್‌ಗೂ ನನ್ನನ್ನೇ ಕರೆಯುತ್ತಾರೆ. ಸಂಶೋಧನೆಗೆ ಹೊತ್ತೇ ಸಿಗುತ್ತಿಲ್ಲ. ಬೇಡವೆಂದರೆ ಮಹಿಳೆಯರೇ ಇಲ್ಲದಂತಾಗುತ್ತದಲ್ಲ? (ಸಹಾಯಕ ಪ್ರಾಧ್ಯಾಪಕಿ)

ಉತ್ತರ: ನೀವು ಪೇಪರ್ ಬರೆಯದಿದ್ದರೆ ಐದು ವರ್ಷದಲ್ಲಿ ಇರುವ ಒಬ್ಬರೂ ಇಲ್ಲದಂತಾಗುತ್ತದೆ, ಆ ಕಡೆಯಿಂದಲೂ ಯೋಚಿಸಿ. ವರ್ಷಕ್ಕೆ ಒಂದು ದೊಡ್ಡ ಪ್ರೋಗ್ರಾಮ್ ಕಮಿಟಿ, ಒಂದು ವಿಭಾಗದ ಸಮಿತಿ, ಒಂದು ಮಹಿಳೆಯರ ಕಾರ್ಯಕ್ರಮ ಎಂಬಂತೆ ಮಿತಿಯನ್ನು ಜನವರಿಯಲ್ಲೇ ಬರೆದಿಟ್ಟುಕೊಂಡು ವಿಭಾಗದ ಮುಖ್ಯಸ್ಥರಿಗೆ ತೋರಿಸಿ. ಆಮೇಲೆ ಬಂದದ್ದಕ್ಕೆ "ಈ ವರ್ಷದ ಪಟ್ಟಿ ತುಂಬಿದೆ" ಎನ್ನುವುದು ಸುಲಭ. ಒಂದನ್ನು ಸೇರಿಸಲೇಬೇಕೆಂದರೆ ಯಾವುದನ್ನು ತೆಗೆಯಬೇಕೆಂದು ಅವರೇ ಹೇಳಲಿ.

ಆರಿಸಿಕೊಳ್ಳುವಾಗ ಪೇಪರ್ ರಿವ್ಯೂ ಇರುವ ಕಮಿಟಿಗಳನ್ನು ಉಳಿಸಿಕೊಳ್ಳಿ. ಅಲ್ಲಿ ಕ್ಷೇತ್ರ ಎತ್ತ ಹೋಗುತ್ತಿದೆ ಎಂಬುದು ತಿಳಿಯುತ್ತದೆ, ನಿಮ್ಮ ತಾಂತ್ರಿಕ ಅಭಿಪ್ರಾಯ ಇತರರ ಕಿವಿಗೆ ಬೀಳುತ್ತದೆ. ಊಟ, ಹಾಲ್, ನೋಂದಣಿ ನೋಡಿಕೊಳ್ಳುವ ಸಮಿತಿಗಳನ್ನು ಮೊದಲು ಬಿಡಿ. ಬೇಡವೆಂದು ಬರೆಯುವಾಗ ಪತ್ರವನ್ನು ಅಲ್ಲಿಗೇ ನಿಲ್ಲಿಸದೆ, ಅದೇ ವಿಷಯ ಬಲ್ಲ ಇಬ್ಬರು ಮಹಿಳೆಯರ ಹೆಸರು, ಒಬ್ಬೊಬ್ಬರ ಒಂದು ಮುಖ್ಯ ಪೇಪರ್, ಇಮೇಲ್ ವಿಳಾಸ ಸೇರಿಸಿ ಕಳಿಸಿ. ಸೂಚಿಸುವ ಮುನ್ನ ಅವರನ್ನು ಒಂದು ಮಾತು ಕೇಳಿರಿ.